ಖಾಜಿಯಿಲ್ಲದ ನ್ಯಾಯಪೀಠ

ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ಪಂಜಾಬ್ ಪ್ರಾಂತದ ನ್ಯಾಯಸ್ಥಾನಗಳ ಮುಂದೆ ಒಂದು ವಿಲಕ್ಷಣವಾದ ವ್ಯವಹಾರವು ಪದೇ ಪದೇ ಕಾಣಿಸಿಕೊಳ್ಳತೊಡಗಿತು. ಗಂಡನ ಹಿಂಸೆಯನ್ನೋ ಉಪೇಕ್ಷೆಯನ್ನೋ ವರ್ಷಗಟ್ಟಲೆಯ ನಾಪತ್ತೆಯನ್ನೋ ಸಹಿಸಿ ಸಹಿಸಿ ಸೋತ ಮುಸಲ್ಮಾನ ಗೃಹಿಣಿಯು, ಅವನಿಂದ ಬಿಡುಗಡೆ ಹೊಂದುವುದಕ್ಕೆ ಬೇರಾವ ಮಾರ್ಗವೂ ತೋರದೆ, ತಾನು ಇಸ್ಲಾಮನ್ನೇ ತೊರೆದಿರುವುದಾಗಿ ಘೋಷಿಸುವಳು. ಧರ್ಮತ್ಯಾಗ ಮಾಡಿದವಳ ವಿವಾಹವು ತನ್ನಷ್ಟಕ್ಕೆ ತಾನೇ ಮುರಿದುಬೀಳುವುದೆಂದು ಹನಫೀ ಸಂಪ್ರದಾಯದ ಶಾಸ್ತ್ರಗ್ರಂಥಗಳು ಹೇಳುವುದರಿಂದ, ನ್ಯಾಯಾಧೀಶನು ಆ ವಾಕ್ಯವನ್ನು ಆಧರಿಸಿ ಅವಳನ್ನು ಬಂಧಮುಕ್ತಳೆಂದು ತೀರ್ಮಾನಿಸುವನು. ಹೀಗೆ ಬಂದವರಲ್ಲಿ ಅನೇಕರಿಗೆ ದೇವರ ವಿಷಯದಲ್ಲಿ ಯಾವ ಸಂದೇಹವೂ ಹುಟ್ಟಿರಲಿಲ್ಲ. ಸಂದೇಹವೆಲ್ಲ ಗಂಡನ ವಿಷಯದಲ್ಲಿ ಮಾತ್ರವೇ ಇದ್ದಿತು.

ಈ ದುರವಸ್ಥೆಯನ್ನು ಕಂಡು ನೊಂದವರಲ್ಲಿ ಕವಿ ಮಹಮ್ಮದ್ ಇಕ್ಬಾಲರೂ ಒಬ್ಬರು. 1929ರ ಜನವರಿಯಲ್ಲಿ ಮದರಾಸಿಗೆ ಉಪನ್ಯಾಸಕ್ಕೆಂದು ಬಂದವರು ಅಲ್ಲಿಂದ ಮೈಸೂರು ಸೀಮೆಗೂ ಬಂದು ಶ್ರೀರಂಗಪಟ್ಟಣದಲ್ಲಿ ಟಿಪ್ಪುವಿನ ಸಮಾಧಿಯನ್ನು ದರ್ಶಿಸಿ ಹೋದುದು ನಮ್ಮ ಹಿರಿಯರ ನೆನಪಿನಲ್ಲಿ ಉಳಿದಿರುವ ಸಂಗತಿ; ಆ ಉಪನ್ಯಾಸಮಾಲೆಯು ಮುಂದೆ ಗ್ರಂಥರೂಪದಲ್ಲಿ ಪ್ರಕಟವಾದಾಗ, ಶಾಸ್ತ್ರದ ಚಲನಶೀಲತೆಯನ್ನು ಕುರಿತ ಅಧ್ಯಾಯದಲ್ಲಿ ಅವರು ಪಂಜಾಬಿನ ಈ ಹೆಣ್ಣುಮಕ್ಕಳ ಪ್ರಸ್ತಾಪವನ್ನು ತಂದರು. ಗ್ರಾನಡಾದ ಮಾಲಿಕೀ ಪಂಡಿತನಾದ ಶಾತಿಬಿಯು ಶಾಸ್ತ್ರವಿರುವುದೇ ಧರ್ಮ, ಪ್ರಾಣ, ಬುದ್ಧಿ, ಸ್ವತ್ತು, ಸಂತತಿ ಎಂಬೈದರ ರಕ್ಷಣೆಗೆ ಎಂದು ಬರೆದಿರುವುದನ್ನು ನೆನಪಿಸಿ, ಹಿದಾಯಾ ಎಂಬ ಹನಫೀ ಗ್ರಂಥದ ನಿಯಮವು ಈ ದೇಶದಲ್ಲಿ ಧರ್ಮವನ್ನು ರಕ್ಷಿಸುತ್ತಿದೆಯೇ ಎಂದು ಕೇಳಿದರು. ಸಾರಾ ಅಬೂಬಕ್ಕರ್ ಅವರ 'ಚಂದ್ರಗಿರಿಯ ತೀರದಲ್ಲಿ' ಕಾದಂಬರಿಯನ್ನು ಓದಿದ ಕನ್ನಡಿಗರಿಗೆ ಗಂಡಸಿನ ಬಾಯಿಂದ ಹೊರಡುವ ತಲಾಕಿನ ಪರಿಚಯವು ಚೆನ್ನಾಗಿಯೇ ಉಂಟು. ಆದರೆ ಹೆಣ್ಣು ತಾನಾಗಿ ಬಿಡುಗಡೆಯನ್ನು ಕೇಳುವ ಹಕ್ಕಿಗೂ ಸಾವಿರದ ನಾನೂರು ವರ್ಷಗಳ ಚರಿತ್ರೆಯುಂಟೆಂಬುದು, ಮತ್ತು ಆ ಹಕ್ಕಿನ ಏಳುಬೀಳುಗಳು ಗ್ರಂಥದ ಅಕ್ಷರಕ್ಕಿಂತ ಹೆಚ್ಚಾಗಿ ಪೀಠದ ಮೇಲೆ ಕುಳಿತವನು ಯಾರೆಂಬುದನ್ನು ಅನುಸರಿಸಿ ನಡೆದವೆಂಬುದು, ಅಷ್ಟಾಗಿ ತಿಳಿದಂತೆ ಕಾಣುವುದಿಲ್ಲ.

ಆದಿಯಲ್ಲಿಯೇ ಇಬ್ಬರು ಸ್ತ್ರೀಯರ ವೃತ್ತಾಂತಗಳು ನಮಗೆ ಎದುರಾಗುತ್ತವೆ. ಮೊದಲನೆಯವಳು ಬರೀರಾ. ದಾಸಿಯಾಗಿದ್ದವಳು ಬಿಡುಗಡೆ ಪಡೆದು ಸ್ವತಂತ್ರಳಾದ ಮೇಲೆ, ಇನ್ನೂ ದಾಸನಾಗಿಯೇ ಇದ್ದ ತನ್ನ ಗಂಡ ಮುಗೀಸನೊಡನೆ ಬಾಳುವುದೋ ಬಿಡುವುದೋ ಎಂಬ ಆಯ್ಕೆಯು ಅವಳಿಗೆ ಒದಗಿತು. ಅವಳು ಬಿಡುವುದನ್ನೇ ಆರಿಸಿಕೊಂಡಳು. ಮುಗೀಸನು ಮದೀನದ ಬೀದಿಗಳಲ್ಲಿ ಅವಳ ಬೆನ್ನುಹತ್ತಿ, ಕಣ್ಣೀರು ಗಡ್ಡದ ಮೇಲೆ ಹರಿಯುತ್ತಿರಲು, ಅಳುತ್ತ ಅಲೆದನಂತೆ. ಪ್ರವಾದಿಗಳೇ ಮರುಕಗೊಂಡು ಮತ್ತೆ ಅವನನ್ನು ಸೇರಬಾರದೇ ಎಂದಾಗ, ಇದು ಅಪ್ಪಣೆಯೇ ಎಂದು ಬರೀರಾ ಕೇಳಿದಳು. ಅಲ್ಲ, ಕೇವಲ ಶಿಫಾರಸು ಎಂಬ ಉತ್ತರ ಬಂದಿತು. ಹಾಗಾದರೆ ನನಗೆ ಅವನು ಬೇಡವೆಂದು ಅವಳು ನಡೆದುಬಿಟ್ಟಳು. ಹದೀಸ್ ಸಂಗ್ರಹಗಳ ಸಾವಿರಾರು ಪ್ರಸಂಗಗಳ ನಡುವೆ ಇಷ್ಟು ನಿಸ್ಸಂಕೋಚವಾದ ಸ್ತ್ರೀಧ್ವನಿಯು ಅಪರೂಪವೆಂದೇ ನನ್ನ ಭಾವನೆ.

ಎರಡನೆಯವಳು ಸಾಬಿತ್ ಇಬ್ನ್ ಕೈಸನ ಪತ್ನಿ. ಗಂಡನ ಶೀಲದಲ್ಲಾಗಲಿ ಧರ್ಮನಿಷ್ಠೆಯಲ್ಲಾಗಲಿ ಅವಳು ದೋಷವನ್ನೆಣಿಸಲಿಲ್ಲ; ಅವನೊಡನೆ ಬಾಳಲಾರೆನೆಂದೂ, ಬಾಳಿದರೆ ತಾನು ಕೃತಘ್ನತೆಗೆ ಬೀಳುವೆನೆಂಬ ಭಯವಿದೆಯೆಂದೂ ಹೇಳಿಕೊಂಡಳು. ಅವನು ಮಹರಾಗಿ, ಎಂದರೆ ವಧುದಕ್ಷಿಣೆಯಾಗಿ, ಕೊಟ್ಟಿದ್ದ ತೋಟವನ್ನು ಹಿಂದಿರುಗಿಸುವೆಯಾ ಎಂದು ಪ್ರವಾದಿಗಳು ಕೇಳಲು, ಒಪ್ಪಿದಳು. ತೋಟವನ್ನು ತೆಗೆದುಕೊಂಡು ಅವಳನ್ನು ಬಿಟ್ಟುಬಿಡೆಂದು ಸಾಬಿತನಿಗೆ ಹೇಳಲಾಯಿತು. ಖುಲಾ ಎಂಬ ಸಂಸ್ಥೆಗೆ, ಎಂದರೆ ಹೆಂಡತಿಯು ಪ್ರತಿಫಲವನ್ನಿತ್ತು ಬಿಡುಗಡೆ ಪಡೆಯುವ ಪದ್ಧತಿಗೆ, ಕುರಾನಿನ ಎರಡನೆಯ ಅಧ್ಯಾಯದ 229ನೆಯ ವಾಕ್ಯದೊಡನೆ ಈ ಪ್ರಸಂಗವೇ ಆಧಾರ. ಆದರೆ ಸಾಬಿತನಿಗೆ ಹೇಳಿದುದು ಆಜ್ಞೆಯೋ ಹಿತವಚನವೋ? ಬರೀರಾಳ ವಿಷಯದಲ್ಲಿ ಅವಳು ತಾನೇ ಕೇಳಿ ತಿಳಿದುಕೊಂಡ ಭೇದವನ್ನು ಇಲ್ಲಿ ಯಾರೂ ಕೇಳದೆ ಹೋದರು. ಹಿತವಚನವೆಂದಾದರೆ ಗಂಡನು ಒಪ್ಪಿದಾಗಲಷ್ಟೇ ಖುಲಾ. ಆಜ್ಞೆಯೆಂದಾದರೆ ಗಂಡನು ಒಲ್ಲೆನೆಂದರೂ ನ್ಯಾಯಪೀಠವು ಅದನ್ನು ವಿಧಿಸಬಹುದು. ಬಹುಮಂದಿ ಶಾಸ್ತ್ರಜ್ಞರು ಮೊದಲನೆಯ ಪಕ್ಷವನ್ನೇ ಹಿಡಿದರು. ಬಸ್ರಾದ ಹಸನ್‌ನಂಥ ಕೆಲವು ಆದಿಕಾಲದ ಹಿರಿಯರು ಖುಲಾ ಆಗಬೇಕಾದರೆ ಅಧಿಕಾರಸ್ಥನ ಎದುರಿಗೇ ಆಗಬೇಕೆಂದು ಹೇಳಿದ್ದುಂಟಾದರೂ ಅವರ ಅಭಿಪ್ರಾಯವು ಗ್ರಂಥಗಳ ಅಂಚಿನಲ್ಲಿಯೇ ಉಳಿಯಿತು.

ಗಂಡನು ಒಪ್ಪದಿದ್ದಲ್ಲಿ ಉಳಿಯುವ ದಾರಿಯು ಫಸ್ಖ್, ಅಂದರೆ ಖಾಜಿಯೇ ವಿವಾಹವನ್ನು ರದ್ದುಗೊಳಿಸುವುದು. ಇಲ್ಲಿ ನಾಲ್ಕು ಸುನ್ನೀ ಸಂಪ್ರದಾಯಗಳು ನಾಲ್ಕು ದಿಕ್ಕಿಗೆ ಹೋದವು. ಮದೀನದಲ್ಲಿ ಬೆಳೆದು ಉತ್ತರ ಆಫ್ರಿಕಾ, ಆಂಡಲೂಸಿಯಾಗಳಲ್ಲಿ ಹರಡಿದ ಮಾಲಿಕೀ ಸಂಪ್ರದಾಯವು ಅತ್ಯಂತ ಉದಾರವಾದುದು: ಗಂಡನು ಅನ್ನವಸ್ತ್ರ ಕೊಡದಿದ್ದರೆ, ಹಿಂಸಿಸಿದರೆ, ಕಾಣೆಯಾಗಿ ನಾಲ್ಕು ವರ್ಷಗಳ ಮೇಲಾದರೆ, ಖಾಜಿಯು ಹೆಂಡತಿಯನ್ನು ಬಿಡಿಸಬಲ್ಲನು, ದಂಪತಿಗಳ ಕಲಹವನ್ನು ತೀರಿಸಲು ನೇಮಿಸಿದ ಎರಡು ಕಡೆಯ ಪಂಚರು, ಸಂಧಾನ ಸಾಧ್ಯವಿಲ್ಲವೆಂದು ಕಂಡಲ್ಲಿ, ತಾವೇ ವಿಚ್ಛೇದವನ್ನು ಉಚ್ಚರಿಸಬಲ್ಲರು. ಇದಕ್ಕೆ ತದ್ವಿರುದ್ಧವಾಗಿ, ಇರಾಕಿನಲ್ಲಿ ಹುಟ್ಟಿ ಮಧ್ಯ ಏಷ್ಯ, ತುರ್ಕಿ, ಹಿಂದೂಸ್ಥಾನಗಳ ರಾಜಶಾಸ್ತ್ರವಾದ ಹನಫೀ ಸಂಪ್ರದಾಯವು ಅತ್ಯಂತ ಬಿಗಿಯಾದುದು. ಗಂಡನು ಷಂಡನಾಗಿದ್ದರೆ ಒಂದು ವರ್ಷದ ಅವಧಿಯ ನಂತರ ಬಿಡುಗಡೆ, ಬಾಲ್ಯದಲ್ಲಿ ತಂದೆ ಅಥವಾ ತಾತನಲ್ಲದ ಪೋಷಕನು ಮದುವೆ ಮಾಡಿಸಿದ್ದರೆ ಪ್ರಾಯಕ್ಕೆ ಬಂದೊಡನೆ ಅದನ್ನು ನಿರಾಕರಿಸುವ ಅವಕಾಶ, ಬಹುಮಟ್ಟಿಗೆ ಇಷ್ಟೇ. ಹೊಡೆಯುವ ಗಂಡನಿಗೆ ಖಾಜಿಯು ದಂಡನೆ ವಿಧಿಸಬಹುದು, ಜೀವನಾಂಶ ಕೊಡದವನ ಹೆಸರಿನಲ್ಲಿ ಸಾಲ ತೆಗೆಯಲು ಹೆಂಡತಿಗೆ ಅನುಮತಿ ಕೊಡಬಹುದು, ಆದರೆ ಗಂಟನ್ನು ಮಾತ್ರ ಬಿಚ್ಚಲಾರನು. ಕಾಣೆಯಾದವನ ಹೆಂಡತಿಯಾದರೋ ಅವನ ಓರಗೆಯವರೆಲ್ಲ ಸಾಯುವವರೆಗೆ, ಎಂದರೆ ಸಾಮಾನ್ಯವಾಗಿ ಎಣಿಸುವಂತೆ ಅವನಿಗೆ 90 ವರ್ಷ ವಯಸ್ಸಾಗುವವರೆಗೆ, ಕಾಯಬೇಕು. ಇಪ್ಪತ್ತರ ತರುಣಿಯನ್ನು ಬಿಟ್ಟು ಇಪ್ಪತ್ತೈದರ ಗಂಡನು ಹಡಗು ಹತ್ತಿದನೆಂದು ಭಾವಿಸಿದರೆ, ಅವಳ ಬಿಡುಗಡೆಯ ದಿನಕ್ಕೆ ಅವಳು ಎಂಬತ್ತೈದರ ವೃದ್ಧೆ. ಶಾಸ್ತ್ರಕಾರರು ವಿವಾಹಬಂಧದ ಸ್ಥೈರ್ಯವನ್ನು ಮನಸ್ಸಿನಲ್ಲಿಟ್ಟುಕೊಂಡು ಇದನ್ನು ವಿಧಿಸಿದರೆಂಬುದು ನಿಜ. ಆ ಸ್ಥೈರ್ಯದ ವೆಚ್ಚವನ್ನೆಲ್ಲ ಒಬ್ಬಳ ಲೆಕ್ಕಕ್ಕೇ ಬರೆದರೆಂಬುದೂ ಅಷ್ಟೇ ನಿಜ.

ಹಾಗಾದರೆ ತುರ್ಕಿಯ ಸುಲ್ತಾನರ ವಿಶಾಲ ಸಾಮ್ರಾಜ್ಯದಲ್ಲಿ ಹೆಂಗಸರು ಹೇಗೆ ಬಾಳಿದರು? ಇದಕ್ಕೆ ಉತ್ತರವನ್ನು ಗ್ರಂಥಗಳಲ್ಲಿ ಹುಡುಕಿದರೆ ಸಿಕ್ಕುವುದಿಲ್ಲ. ಕೈಸೇರಿ, ಅಲೆಪ್ಪೊ, ಜೆರುಸಲೇಮ್, ನಾಬ್ಲಸ್ ಮೊದಲಾದ ಪಟ್ಟಣಗಳ ಖಾಜಿಗಳು ದಿನದಿನವೂ ಬರೆಯಿಸಿದ ದಫ್ತರಗಳಲ್ಲಿ ಹುಡುಕಬೇಕು. ಸಿರಿಯಾ ಮತ್ತು ಪ್ಯಾಲೆಸ್ತೀನಿನ ಪಟ್ಟಣಗಳಲ್ಲಿ ಮುಖ್ಯ ಖಾಜಿಯು ಹನಫಿಯಾಗಿದ್ದರೂ ಅವನ ಕೈಕೆಳಗೆ ಶಾಫಿಈ ಅಥವಾ ಹಂಬಲೀ ಸಂಪ್ರದಾಯದ ಉಪಖಾಜಿಗಳಿರುತ್ತಿದ್ದರು. ಗಂಡನು ದೇಶಾಂತರ ಹೋಗಿ ಒಂದು ಕಾಸನ್ನೂ ಕಳುಹಿಸಿಲ್ಲವೆಂದೂ, ಅವನು ಬಿಟ್ಟುಹೋದ ಆಸ್ತಿಯೂ ಯಾವುದೂ ಇಲ್ಲವೆಂದೂ ಹೆಂಡತಿಯು ಸಾಕ್ಷಿಗಳೊಡನೆ ಬಂದರೆ, ಹನಫೀ ಖಾಜಿಯು ತನ್ನ ಶಾಸ್ತ್ರವು ಕೈಕಟ್ಟಿದೆಯೆಂದು ಅವಳನ್ನು ಹಿಂದಕ್ಕೆ ಕಳುಹಿಸದೆ ಆ ಉಪಖಾಜಿಯ ಬಳಿಗೆ ಕಳುಹಿಸುವನು. ಆತನು ಸಾಕ್ಷ್ಯವನ್ನು ಕೇಳಿ, ಅವಳಿಂದ ಪ್ರಮಾಣ ಮಾಡಿಸಿ, ವಿವಾಹವನ್ನು ರದ್ದುಮಾಡುವನು. ಆ ತೀರ್ಪನ್ನು ಹನಫೀ ಖಾಜಿಯು ಅಂಗೀಕರಿಸಿ ಮುದ್ರೆಯೊತ್ತುವನು. ಹದಿನೇಳನೆಯ ಶತಮಾನದಲ್ಲಿ ಪ್ಯಾಲೆಸ್ತೀನಿನ ರಮ್ಲಾ ಪಟ್ಟಣದ ಖ್ಯಾತ ಮುಫ್ತಿ ಖೈರುದ್ದೀನ್ ರಮ್ಲಿಯು, ತಾನು ಹನಫಿಯಾಗಿದ್ದೂ, ಇಂಥ ರದ್ದತಿಗಳು ಸಿಂಧುವೆಂದು ಫತ್ವಾಗಳನ್ನು ಕೊಟ್ಟನು. ಒಂದು ಸಂಪ್ರದಾಯದ ಕಾಠಿಣ್ಯವನ್ನು ಇನ್ನೊಂದರ ಮಾರ್ದವವು ಸರಿದೂಗಿಸಿತು; ಸಿದ್ಧಾಂತಗಳು ತಮ್ಮ ತಮ್ಮ ಮನೆಗಳಲ್ಲಿ ಅಖಂಡವಾಗಿ ಉಳಿದವು; ಹೆಣ್ಣಿಗೆ ಬಿಡುಗಡೆಯೂ ಆಯಿತು.

ಅದೇ ದಫ್ತರಗಳಲ್ಲಿ ಖುಲಾದ ದಾಖಲೆಗಳೂ ಹೇರಳವಾಗಿವೆ. ಗಂಡಹೆಂಡಿರು ಖಾಜಿಯ ಮುಂದೆ ಬಂದು, ಅವಳು ಬಾಕಿಯಿರುವ ಮಹರನ್ನೂ ಇದ್ದತಿನ, ಎಂದರೆ ಮರುಮದುವೆಗೆ ಮುನ್ನ ಕಾಯಬೇಕಾದ, ಕಾಲದ ಜೀವನಾಂಶವನ್ನೂ ಬಿಟ್ಟುಕೊಟ್ಟಳೆಂದೂ ಅವನು ಅವಳನ್ನು ಬಿಟ್ಟನೆಂದೂ ಸಾಕ್ಷಿಗಳ ಸಮ್ಮುಖದಲ್ಲಿ ಬರೆಯಿಸುವರು. ಖುಲಾ ಆಗಲು ಖಾಜಿಯ ಅಗತ್ಯವೇ ಇಲ್ಲದಿದ್ದರೂ ಹೆಂಗಸರು ಅವನ ಬಳಿಗೆ ಏಕೆ ಬಂದರು? ನಾಳೆ ಗಂಡನು ತಾನು ಬಿಟ್ಟೇ ಇಲ್ಲವೆಂದು ಅವಳ ಎರಡನೆಯ ಮದುವೆಯ ಹೊಸ್ತಿಲಲ್ಲಿ ಬಂದು ನಿಲ್ಲದಿರಲೆಂಬ ಮುನ್ನೆಚ್ಚರಿಕೆಗಾಗಿ. ಈ ಬಿಡುಗಡೆಯು ಕೊಂಡುಕೊಂಡ ಬಿಡುಗಡೆ ಎಂಬುದನ್ನು ಮರೆಯಲಾಗದು. ತಾನೇ ತಲಾಕು ಕೊಟ್ಟರೆ ಮಹರನ್ನು ತೆರಬೇಕಾದೀತೆಂದು ಹೆದರಿ, ಹೆಂಡತಿಯ ಬಾಯಿಂದಲೇ ಖುಲಾದ ಮಾತು ಹೊರಡುವಂತೆ ಅವಳನ್ನು ಪೀಡಿಸುವ ಗಂಡಂದಿರು ಎಲ್ಲ ಕಾಲದಲ್ಲಿಯೂ ಇದ್ದರು. ತಪ್ಪು ಗಂಡನದಾದಲ್ಲಿ ಪ್ರತಿಫಲ ತೆಗೆದುಕೊಳ್ಳುವುದು ನಿಂದ್ಯವೆಂದು ಹನಫೀ ಶಾಸ್ತ್ರವು ಹೇಳಿತೇ ಹೊರತು, ತೆಗೆದುಕೊಂಡವನಿಂದ ಕಸಿದು ಹಿಂದಿರುಗಿಸುವಷ್ಟು ಮುಂದೆ ಹೋಗಲಿಲ್ಲ.

ಇನ್ನೂ ಜಾಣತನದ ಉಪಾಯವೊಂದು ನಿಕಾಹಿನ ಕರಾರಿನಲ್ಲಿಯೇ ಅಡಗಿತ್ತು. ತಲಾಕಿನ ಅಧಿಕಾರವು ಗಂಡನದಾದರೂ ಅದನ್ನು ಅವನು ಹೆಂಡತಿಗೆ ವಹಿಸಿಕೊಡಬಹುದೆಂಬುದನ್ನು ಹನಫಿಗಳು ಪೂರ್ಣವಾಗಿ ಒಪ್ಪುತ್ತಾರೆ. ಇದಕ್ಕೆ ತಫ್ವೀಜ್ ಎಂದು ಹೆಸರು. ಟ್ಯುನೀಷಿಯದ ಕೈರುವಾನ್ ಪಟ್ಟಣದ ಅರ್ವಾ ಎಂಬವಳು ಮುಂದೆ ಅಬ್ಬಾಸೀ ಖಲೀಫನಾದ ಮನ್ಸೂರನನ್ನು ವರಿಸುವಾಗ ತಾನಿರುವವರೆಗೆ ಮತ್ತೊಬ್ಬಳನ್ನು ತರಕೂಡದೆಂಬ ಷರತ್ತನ್ನು ಬರೆಯಿಸಿಕೊಂಡಳೆಂದೂ, ಆತನು ಸಾಮ್ರಾಟನಾದ ಮೇಲೂ ಆ ಪತ್ರದಿಂದ ಬಿಡಿಸಿಕೊಳ್ಳಲಾರದೆ ಹೋದನೆಂದೂ ಪ್ರತೀತಿಯುಂಟು. ನಮ್ಮ ದೇಶದಲ್ಲಿಯೇ, ಹದಿನೇಳನೆಯ ಶತಮಾನದ ಸೂರತ್ ಬಂದರಿನ ವರ್ತಕರ ಹಾಗೂ ಸಾಮಾನ್ಯರ ಮದುವೆಯ ಕರಾರುಪತ್ರಗಳು ಕೆಲವು ಉಳಿದುಬಂದಿವೆ. ಅವುಗಳಲ್ಲಿ ನಾಲ್ಕು ಷರತ್ತುಗಳು ವಾಡಿಕೆಯ ಮಾತಿನಂತೆ ಮತ್ತೆ ಮತ್ತೆ ಬರುತ್ತವೆ. ಗಂಡನು ಎರಡನೆಯ ಹೆಂಡತಿಯನ್ನು ತರಕೂಡದು, ಹೊಡೆಯಕೂಡದು, ಅನ್ನವಸ್ತ್ರಕ್ಕೆ ಏರ್ಪಾಡು ಮಾಡದೆ ಗೊತ್ತಾದ ಅವಧಿಗಿಂತ ಹೆಚ್ಚು ಕಾಲ ಊರು ಬಿಟ್ಟು ಇರಕೂಡದು, ದಾಸಿಯನ್ನು ಉಪಪತ್ನಿಯಾಗಿ ಇಟ್ಟುಕೊಳ್ಳಕೂಡದು. ಸಮುದ್ರವ್ಯಾಪಾರದ ಊರಿನಲ್ಲಿ ಮೂರನೆಯ ಷರತ್ತಿಗಿದ್ದ ಬೆಲೆಯನ್ನು ವಿವರಿಸಬೇಕಾಗಿಲ್ಲ. ಸೂರತಿನ ಆ ಹೆಂಗಸರ ಹೆಸರುಗಳನ್ನು ಯಾವ ಚರಿತ್ರಕಾರನೂ ಹಾಡಿ ಹೊಗಳಲಿಲ್ಲ. ಆದರೆ ಮುಂಬರುವ ದುಃಖವನ್ನು ಮದುವೆಯ ದಿನವೇ ಕಾಗದದ ಮೇಲೆ ಕಟ್ಟಿಹಾಕಿದ ಅವರ ಲೌಕಿಕಪ್ರಜ್ಞೆಯು ಯಾವ ಮುಫ್ತಿಯ ಪಾಂಡಿತ್ಯಕ್ಕೂ ಕಡಮೆಯದಲ್ಲ.

ನಮ್ಮ ಕನ್ನಡ ಕರಾವಳಿಯ ಸ್ಥಿತಿಯು ಒಳನಾಡಿನದಕ್ಕಿಂತ ಬೇರೆಯಾಗಿತ್ತು. ಮಂಗಳೂರಿನ ಬ್ಯಾರಿಗಳು, ಭಟ್ಕಳದ ನವಾಯತರು, ದಕ್ಷಿಣಕ್ಕೆ ಮಲಬಾರಿನ ಮಾಪಿಳ್ಳೆಗಳು, ಅರಬ್ಬೀ ಸಮುದ್ರದ ವ್ಯಾಪಾರದೊಡನೆ ಬಂದ ಶಾಫಿಈ ಸಂಪ್ರದಾಯದವರು. ಘಟ್ಟದ ಮೇಲಿನ ಮುಸಲ್ಮಾನರು ಬಹುಮಟ್ಟಿಗೆ ಹನಫಿಗಳು. ಹದಿನಾರನೆಯ ಶತಮಾನದಲ್ಲಿ ಪೊನ್ನಾನಿಯ ಜೈನುದ್ದೀನ್ ಮಖ್ದೂಮರು ರಚಿಸಿದ 'ಫತ್ಹುಲ್ ಮುಈನ್' ಎಂಬ ಶಾಫಿಈ ಶಾಸ್ತ್ರಗ್ರಂಥವು ಈ ತೀರದ ದರ್ಸುಗಳಲ್ಲಿ ಇಂದಿಗೂ ಪಾಠವಾಗುತ್ತದೆ. ಗಂಡನು ದಾರಿದ್ರ್ಯದಿಂದ ಹೆಂಡತಿಯನ್ನು ಪೋಷಿಸಲಾರದವನೆಂದು ಸಿದ್ಧವಾದರೆ ಮೂರು ದಿನಗಳ ಗಡುವಿನ ತರುವಾಯ ವಿವಾಹವನ್ನು ರದ್ದುಮಾಡಬಹುದೆಂದು ಶಾಫಿಈ ಶಾಸ್ತ್ರವು ಹೇಳುವುದರಿಂದ, ಕರಾವಳಿಯ ಜನಕ್ಕೆ ಫಸ್ಖ್ ಎಂಬುದು ಅಪರಿಚಿತವಾದ ಮಾತಾಗಿರಲಿಲ್ಲ. ಒಂದೇ ಧರ್ಮದ, ಒಂದೇ ಸಂಕಟದ ಇಬ್ಬರು ಸ್ತ್ರೀಯರಲ್ಲಿ ಒಬ್ಬಳು ಘಟ್ಟದ ಕೆಳಗೆ ಹುಟ್ಟಿದಳೆಂಬ ಕಾರಣದಿಂದ ಬಿಡುಗಡೆ ಪಡೆಯುವಳು, ಇನ್ನೊಬ್ಬಳು ಮೇಲೆ ಹುಟ್ಟಿದ ತಪ್ಪಿಗೆ ಪಡೆಯಲಾರಳು.

ಹಿಂದೂಸ್ಥಾನಕ್ಕೆ ಆಂಗ್ಲರ ಆಡಳಿತ ಬಂದಾಗ, ಒಂದು ಸಂಪ್ರದಾಯದ ಕೊರತೆಯನ್ನು ಇನ್ನೊಂದು ತುಂಬುವ ಸಮತೋಲನಕ್ಕೆ ಎಡೆಯೇ ಇಲ್ಲದೆ ಹೋಯಿತು. 1772ರಲ್ಲಿ ವಾರನ್ ಹೇಸ್ಟಿಂಗ್ಸನು ಮುಸಲ್ಮಾನರಿಗೆ ಕುರಾನಿನ ನ್ಯಾಯ, ಹಿಂದೂಗಳಿಗೆ ಶಾಸ್ತ್ರದ ನ್ಯಾಯ ಎಂದು ಏರ್ಪಡಿಸಿದನು. 1791ರಲ್ಲಿ ಚಾರ್ಲ್ಸ್ ಹ್ಯಾಮಿಲ್ಟನನು ಮರ್ಘಿನಾನಿಯ 'ಹಿದಾಯಾ'ವನ್ನು ಇಂಗ್ಲಿಷಿಗೆ ತಂದನು. ಅಂದಿನಿಂದ, ಫರ್ಗಾನಾ ಕಣಿವೆಯ ಹನ್ನೆರಡನೆಯ ಶತಮಾನದ ಪಂಡಿತನೊಬ್ಬನ ಗ್ರಂಥವು ಬಂಗಾಳದಿಂದ ಪಂಜಾಬಿನವರೆಗಿನ ನ್ಯಾಯಾಧೀಶರ ಮೇಜಿನ ಮೇಲೆ ಸಂಹಿತೆಯಂತೆ ಕುಳಿತುಬಿಟ್ಟಿತು. ಮೊದಲು ಸಲಹೆಗೆಂದು ನ್ಯಾಯಸ್ಥಾನಗಳಲ್ಲಿ ಖಾಜಿ ಮುಫ್ತಿಗಳಿದ್ದರು. 1864ರ ಶಾಸನವು ಆ ಹುದ್ದೆಗಳನ್ನೂ ತೆಗೆದುಹಾಕಿತು. 1880ರಲ್ಲಿ ಮತ್ತೆ ಖಾಜಿಗಳನ್ನು ನೇಮಿಸಲು ಅವಕಾಶ ಕೊಟ್ಟ ಶಾಸನವು ಅವರಿಗೆ ಮದುವೆ ಮಾಡಿಸುವ ಗೌರವವನ್ನಿತ್ತಿತೇ ಹೊರತು ವ್ಯಾಜ್ಯ ತೀರ್ಮಾನಿಸುವ ಅಧಿಕಾರವನ್ನು ಕೊಡಲಿಲ್ಲ. ಅಲೆಪ್ಪೊದ ಖಾಜಿಯು ತನ್ನ ಶಾಸ್ತ್ರದಲ್ಲಿ ದಾರಿ ಕಾಣದಾಗ ಪಕ್ಕದ ಪೀಠದ ಕಡೆಗೆ ಕೈತೋರಿಸುತ್ತಿದ್ದನು; ಲಾಹೋರಿನ ಆಂಗ್ಲ ನ್ಯಾಯಾಧೀಶನಿಗೆ ಪಕ್ಕದ ಪೀಠವೇ ಇರಲಿಲ್ಲ. ಖುಲಾಕ್ಕೆ ಗಂಡನ ಸಮ್ಮತಿಯು ಅವಶ್ಯವೆಂದು 1861ರಲ್ಲಿ ಪ್ರಿವಿ ಕೌನ್ಸಿಲ್ ಹೇಳಿತು. ಪ್ರಾಚೀನ ವ್ಯಾಖ್ಯಾನಕಾರರನ್ನು ಮೀರಿ ನ್ಯಾಯಸ್ಥಾನಗಳು ಕುರಾನಿಗೆ ತಮ್ಮದೇ ಅರ್ಥವನ್ನು ಹಚ್ಚಕೂಡದೆಂದು 1897ರಲ್ಲಿ ಮತ್ತೆ ವಿಧಿಸಿತು. ಶಾಸ್ತ್ರವನ್ನು ಗೌರವಿಸಬೇಕೆಂಬ ವಿನಯವೇ ಅದನ್ನು ಕಲ್ಲಾಗಿಸಿತೆಂದರೆ ತಪ್ಪಾಗಲಾರದು.

ಇಂಥ ಗೋಡೆಯಲ್ಲಿ ಒಂದೇ ಒಂದು ಬಿರುಕು ಉಳಿದಿತ್ತು, ಅದೇ ಧರ್ಮತ್ಯಾಗ. ಹೆಂಡತಿಯು ಇಸ್ಲಾಮನ್ನು ಬಿಟ್ಟರೆ ವಿವಾಹವು ಮುರಿಯುವುದೆಂದ ಹನಫೀ ಶಾಸ್ತ್ರಕಾರರು ಅಷ್ಟಕ್ಕೇ ನಿಂತಿರಲಿಲ್ಲ. ಅವಳನ್ನು ಬಂಧನದಲ್ಲಿಟ್ಟು, ಇಸ್ಲಾಮಿಗೆ ಮರಳಿಸಿ, ಅಲ್ಪ ಮಹರಿಗೆ ಅದೇ ಗಂಡನೊಡನೆ ಮತ್ತೆ ನಿಕಾಹ್ ಮಾಡಿಸಬೇಕೆಂದೂ ಹೇಳಿದ್ದರು. ಬಿಡುಗಡೆಗಾಗಿ ಇದನ್ನು ಉಪಾಯವಾಗಿ ಬಳಸಬಹುದಾದವರ ಮುಂದೆ ಅವರು ಬಾಗಿಲಿನೊಡನೆ ಬೀಗವನ್ನೂ ಇಟ್ಟಿದ್ದರು. ಬಲ್ಖ್ ಮತ್ತು ಸಮರ್‌ಕಂದಿನ ಪಂಡಿತರಂತೂ ಇಂಥ ಕಪಟಕ್ಕೆ ಆಸ್ಪದವೇ ಬೇಡವೆಂದು, ಹೆಂಡತಿಯ ಧರ್ಮತ್ಯಾಗದಿಂದ ವಿವಾಹವು ಮುರಿಯುವುದೇ ಇಲ್ಲವೆಂದು ವಿಧಿಸಿದ್ದರು. ಆಂಗ್ಲ ನ್ಯಾಯಸ್ಥಾನಗಳಾದರೋ ಪ್ರಸಿದ್ಧವಾದ ಮೊದಲನೆಯ ಅಭಿಪ್ರಾಯದಿಂದ ವಿವಾಹಭಂಗವನ್ನು ಸ್ವೀಕರಿಸಿ, ಬಂಧನವನ್ನು ಬಿಟ್ಟುಬಿಟ್ಟವು. ಮತಾಂತರಗೊಂಡವರ ಹಕ್ಕುಬಾಧ್ಯತೆಗಳಿಗೆ ಚ್ಯುತಿ ಬರಕೂಡದೆಂದು 1850ರಲ್ಲೇ ಶಾಸನ ಮಾಡಿದ್ದ ಸರ್ಕಾರವು, ಮತ ಬಿಟ್ಟವಳನ್ನು ಸೆರೆಯಲ್ಲಿಡುವ ಮಾತೇ ಇರಲಿಲ್ಲ. ಹೀಗೆ ಅರ್ಧ ಶಾಸ್ತ್ರವು ಅರ್ಧ ಆಂಗ್ಲ ನ್ಯಾಯದೊಡನೆ ಬೆರೆತು, ಎರಡೂ ಕಡೆಯವರು ಕನಸಿನಲ್ಲಿಯೂ ಉದ್ದೇಶಿಸದಿದ್ದ ಒಂದು ಹೊಸ ಬಗೆಯ ವಿವಾಹವಿಮೋಚನೆ ಹುಟ್ಟಿಕೊಂಡಿತು.

ಉಲೇಮಾಗಳಿಗೆ ಇದು ದ್ವಿಗುಣವಾದ ಆಘಾತ. ಆರ್ಯಸಮಾಜದ ಮತ್ತು ಕ್ರೈಸ್ತ ಮಿಷನರಿಗಳ ಪ್ರಚಾರವು ತೀವ್ರವಾಗಿದ್ದ ಕಾಲದಲ್ಲಿ ಮುಸ್ಲಿಂ ಸ್ತ್ರೀಯರು ಧರ್ಮ ಬಿಟ್ಟರೆಂಬ ವಾರ್ತೆಯು ಒಂದು ಗಾಯ. ಅವರನ್ನು ಅಲ್ಲಿಗೆ ತಳ್ಳಿದುದು ತಮ್ಮದೇ ಶಾಸ್ತ್ರವೆಂಬ ಅರಿವು ಮತ್ತೊಂದು. ಆಗ ಮುಂದೆ ಬಂದವರು ಯಾರೆಂಬುದೇ ಈ ಕಥೆಯ ಅತ್ಯಂತ ಕುತೂಹಲಕರವಾದ ಅಂಶ. ಅವರು ಆಧುನಿಕ ವಿದ್ಯಾಭ್ಯಾಸ ಪಡೆದ ಸುಧಾರಕರಲ್ಲ. ಸಂಯುಕ್ತ ಪ್ರಾಂತದ ಥಾನಾ ಭವನ ಎಂಬ ಸಣ್ಣ ಊರಿನಲ್ಲಿ ಕುಳಿತು ಸೂಫೀ ಶಿಷ್ಯರಿಗೆ ದೀಕ್ಷೆ ಕೊಡುತ್ತಿದ್ದ, ಹೆಣ್ಣುಮಕ್ಕಳ ಆಚಾರನಿಯಮಗಳನ್ನು ಬೋಧಿಸುವ 'ಬಹಿಶ್ತೀ ಜೇವರ್' ಎಂಬ ಮನೆಮನೆಯ ಪುಸ್ತಕವನ್ನು ಬರೆದ, ದೇವಬಂದ್ ಪರಂಪರೆಯ ಪರಮ ನಿಷ್ಠಾವಂತ ಹನಫಿಯಾದ ಮೌಲಾನಾ ಅಶ್ರಫ್ ಅಲಿ ಥಾನವಿಯವರು. 1913ರಲ್ಲಿ ತಮ್ಮ ಮುಂದೆ ಬಂದ ಪ್ರಶ್ನೆಗೆ ಧರ್ಮತ್ಯಾಗದಿಂದ ವಿವಾಹವು ಮುರಿಯುತ್ತದೆಂದೇ ಫತ್ವಾ ಕೊಟ್ಟಿದ್ದ ಅವರು, 1931ರ ವೇಳೆಗೆ ಆ ಅಭಿಪ್ರಾಯವನ್ನು ಬಿಟ್ಟು ಬಲ್ಖ್ ಸಮರ್‌ಕಂದಿನವರ ಪಕ್ಷವನ್ನು ಹಿಡಿದರು. ಆದರೆ ಬಿರುಕನ್ನು ಮುಚ್ಚಿ ಕೈತೊಳೆದುಕೊಂಡಿದ್ದರೆ ಅವರ ಹೆಸರು ಈ ಪ್ರಸ್ತಾಪದಲ್ಲಿ ಬರುತ್ತಿರಲಿಲ್ಲ. ಬಿರುಕಿಗೆ ಬದಲಾಗಿ ಬಾಗಿಲನ್ನೇ ಕಟ್ಟಿಕೊಡಬೇಕೆಂದು ಅವರು ಸಂಕಲ್ಪಿಸಿದರು.

ಶಿಷ್ಯರ ನೆರವಿನಿಂದ ಅವರು ಸಿದ್ಧಪಡಿಸಿದ 'ಅಲ್ ಹೀಲತುನ್ನಾಜಿಜಾ' ಎಂಬ ಗ್ರಂಥವು ಅಸಹಾಯಳಾದ ಹೆಂಡತಿಗೆ ಫಲಕಾರಿಯಾದ ಶಾಸ್ತ್ರೀಯ ಉಪಾಯವನ್ನು ತೋರಿಸುವುದೆಂದು ತನ್ನ ಪೂರ್ಣನಾಮದಲ್ಲಿಯೇ ಸಾರುತ್ತದೆ. ಹನಫಿಯೊಬ್ಬನು ಅನಿವಾರ್ಯ ಸಂಕಟದಲ್ಲಿ ಮತ್ತೊಂದು ಸಂಪ್ರದಾಯದ ನಿಯಮವನ್ನು ಎರವಲು ಪಡೆಯಬಹುದೆಂಬ ತತ್ತ್ವವು ಹೊಸದಾಗಿರಲಿಲ್ಲ. ದಮಾಸ್ಕಸಿನ ಮಹಾಪಂಡಿತ ಇಬ್ನ್ ಆಬಿದೀನನು ಹತ್ತೊಂಬತ್ತನೆಯ ಶತಮಾನದಲ್ಲಿಯೇ ಕಾಣೆಯಾದ ಗಂಡನ ವಿಷಯದಲ್ಲಿ ಅದನ್ನು ಸೂಚಿಸಿದ್ದನು. ಥಾನವಿಯವರು ಆ ಎಳೆಯನ್ನು ಹಿಡಿದು, ಹಿಂದೂಸ್ಥಾನದಲ್ಲಿ ಮಾಲಿಕೀ ಪಂಡಿತರಿಲ್ಲವಾದಕಾರಣ ಹಿಜಾಜಿನ ಮಾಲಿಕೀ ಮುಫ್ತಿಗಳೊಡನೆ ಪತ್ರವ್ಯವಹಾರ ನಡೆಸಿ, ಪ್ರಶ್ನೆಯ ಮೇಲೆ ಪ್ರಶ್ನೆ ಹಾಕಿ, ಬಂದ ಉತ್ತರಗಳನ್ನು ಗ್ರಂಥದಲ್ಲಿ ಸೇರಿಸಿದರು. ಕಾಣೆಯಾದವನಿಗೆ ನಾಲ್ಕು ವರ್ಷ, ಪೋಷಣೆ ಮಾಡದವನಿಂದ ಬಿಡುಗಡೆ, ಹುಚ್ಚನಿಂದ ಬಿಡುಗಡೆ: ಹೀಗೆ ಒಂದೊಂದಾಗಿ ಮಾಲಿಕೀ ನಿಯಮಗಳು ಹನಫೀ ಮನೆಯನ್ನು ಹೊಕ್ಕವು. ಮುಸ್ಲಿಂ ನ್ಯಾಯಾಧೀಶನು ದೊರೆಯದ ಕಡೆ ಸದಾಚಾರಿಗಳಾದ ಕನಿಷ್ಠ ಮೂವರು ಮುಸ್ಲಿಮರ ಪಂಚಾಯಿತಿಯೇ ಖಾಜಿಯ ಸ್ಥಾನದಲ್ಲಿ ಕುಳಿತು ತೀರ್ಮಾನಿಸಬಹುದೆಂಬ ಮಾಲಿಕೀ ವಿಧಿಯೂ ಅದರೊಡನೆ ಬಂದಿತು. ನಿಕಾಹಿನ ವೇಳೆಯಲ್ಲಿಯೇ ತಫ್ವೀಜನ್ನು ಬರೆಯಿಸಿಕೊಳ್ಳಲು ಕರಾರಿನ ನಮೂನೆಯನ್ನೂ ಅವರು ಕೊಟ್ಟರು; ಸೂರತಿನ ಹೆಂಗಸರ ಹಳೆಯ ಬುದ್ಧಿವಂತಿಕೆಗೆ ಹೀಗೆ ಮುನ್ನೂರು ವರ್ಷಗಳ ನಂತರ ಒಬ್ಬ ಮೌಲಾನಾರ ಸಮ್ಮತಿಯು ಸಿಕ್ಕಿತು.

ಇದೇ ಅವಧಿಯಲ್ಲಿ ಹೊರಗಿನ ಮುಸ್ಲಿಂ ದೇಶಗಳೂ ಇದೇ ದಾರಿಯಲ್ಲಿ ನಡೆದಿದ್ದವು. ಮಹಾಯುದ್ಧದಲ್ಲಿ ಗಂಡಂದಿರು ಕಣ್ಮರೆಯಾಗುತ್ತಿರಲು ತುರ್ಕಿಯು 1915ರಲ್ಲಿ ರಾಜಾಜ್ಞೆಗಳ ಮೂಲಕವೂ 1917ರಲ್ಲಿ ಕುಟುಂಬ ಶಾಸನದ ಮೂಲಕವೂ, ಈಜಿಪ್ಟು 1920 ಮತ್ತು 1929ರ ಶಾಸನಗಳ ಮೂಲಕವೂ ಇತರ ಸಂಪ್ರದಾಯಗಳ ನಿಯಮಗಳನ್ನು ಅಳವಡಿಸಿಕೊಂಡವು. ಅಲ್ಲಿ ಅದನ್ನು ಮಾಡಿದುದು ಸರ್ಕಾರ. ಇಲ್ಲಿ ಮೊದಲು ಮಾಡಿದುದು ಒಂದು ಖಾನ್‌ಖಾ, ಎಂದರೆ ಸೂಫೀ ಮಠ.

ಥಾನವಿಯವರ ಗ್ರಂಥದಿಂದ ಶಾಸನಸಭೆಯವರೆಗಿನ ಹೆಜ್ಜೆಗೆ ಹೆಚ್ಚು ಕಾಲ ಹಿಡಿಯಲಿಲ್ಲ. 1936ರಲ್ಲಿ ಮಹಮ್ಮದ್ ಅಹ್ಮದ್ ಕಾಜ್ಮಿಯವರು ಕೇಂದ್ರ ಶಾಸನಸಭೆಯಲ್ಲಿ ಮಂಡಿಸಿದ ಮಸೂದೆಯ ಉದ್ದೇಶಗಳ ಹೇಳಿಕೆಯಲ್ಲಿ, ಹನಫೀ ಶಾಸ್ತ್ರದಲ್ಲಿ ಉಪಾಯವಿಲ್ಲದಿರುವುದರಿಂದ ಅಸಂಖ್ಯಾತ ಸ್ತ್ರೀಯರು ಅವರ್ಣನೀಯವಾದ ಕಷ್ಟಕ್ಕೆ ಗುರಿಯಾಗಿದ್ದಾರೆಂಬುದನ್ನೂ, ಅಶ್ರಫ್ ಅಲಿಯವರ ಗ್ರಂಥವನ್ನೂ ಪ್ರಸ್ತಾಪಿಸಲಾಗಿತ್ತು. 1939ರ ಮಾರ್ಚ್ 17ರಂದು ಅಂಗೀಕೃತವಾದ ಮುಸ್ಲಿಂ ವಿವಾಹಗಳ ವಿಸರ್ಜನಾ ಶಾಸನವನ್ನು ಇಂದು ಓದಿದರೂ ಅದರ ಹಿಂದಿರುವ ಹೆಂಗಸರ ಮುಖಗಳು ಒಂದೊಂದು ಉಪವಾಕ್ಯದಲ್ಲಿಯೂ ಇಣುಕುವಂತೆ ತೋರುತ್ತದೆ. ನಾಲ್ಕು ವರ್ಷ ಸುಳಿವಿಲ್ಲದವನು. ಎರಡು ವರ್ಷ ಪೋಷಿಸದವನು. ಏಳು ವರ್ಷ ಅಥವಾ ಹೆಚ್ಚಿನ ಸೆರೆವಾಸಕ್ಕೆ ಗುರಿಯಾದವನು. ಮೂರು ವರ್ಷ ದಾಂಪತ್ಯಧರ್ಮವನ್ನು ಕಾರಣವಿಲ್ಲದೆ ಪಾಲಿಸದವನು. ಷಂಡನು, ಎರಡು ವರ್ಷದಿಂದ ಹುಚ್ಚನಾದವನು. ದೈಹಿಕ ಹಿಂಸೆಯಿಲ್ಲದಿದ್ದರೂ ತನ್ನ ನಡತೆಯಿಂದಲೇ ಹೆಂಡತಿಯ ಬಾಳನ್ನು ದುರ್ಭರಗೊಳಿಸುವವನು, ಅವಳ ಸ್ವತ್ತನ್ನು ಪರಭಾರೆ ಮಾಡುವವನು, ಅವಳ ಧರ್ಮಾಚರಣೆಗೆ ಅಡ್ಡಿಪಡಿಸುವವನು, ಒಬ್ಬರಿಗಿಂತ ಹೆಚ್ಚು ಹೆಂಡಿರಿದ್ದು ಕುರಾನಿನ ಅಪ್ಪಣೆಯಂತೆ ಸಮನಾಗಿ ಕಾಣದವನು. ಬಾಲ್ಯವಿವಾಹವನ್ನು ನಿರಾಕರಿಸುವ ಹಕ್ಕು ತಂದೆಯೇ ಮಾಡಿಸಿದ ಮದುವೆಗೂ ಈಗ ವಿಸ್ತರಿಸಿತು: ಹದಿನೈದಕ್ಕೆ ಮೊದಲು ಮದುವೆಯಾದವಳು, ಸಂಸಾರ ನಡೆದಿರದ ಪಕ್ಷದಲ್ಲಿ, ಹದಿನೆಂಟು ತುಂಬುವುದರೊಳಗೆ ಅದನ್ನು ತಳ್ಳಿಹಾಕಬಹುದು. ಮತ್ತು ನಾಲ್ಕನೆಯ ಪ್ರಕರಣವು, ಧರ್ಮತ್ಯಾಗ ಮಾತ್ರದಿಂದ ವಿವಾಹವು ಮುರಿಯುವುದಿಲ್ಲವೆಂದು, ಪಂಜಾಬಿನ ಆ ಬಿರುಕನ್ನು ಮುಚ್ಚಿತು. ಒಂದೇ ಶಾಸನದಲ್ಲಿ ಕೊಟ್ಟುದೂ ಉಂಟು, ಕಸಿದುದೂ ಉಂಟು. ಹೆಂಗಸರ ಕಷ್ಟವನ್ನು ನೋಡಿ ಮರುಗಿದವರೂ ಸಮುದಾಯದ ಸಂಖ್ಯೆಯನ್ನು ಎಣಿಸಿ ಕಳವಳಪಟ್ಟವರೂ ಒಂದೇ ಮಸೂದೆಗೆ ಕೈಯೆತ್ತಿದುದರ ಗುಟ್ಟು ಇದೇ ಇರಬೇಕು.

ಮಸೂದೆಯಲ್ಲಿದ್ದ ಇನ್ನೊಂದು ವಿಧಿಯು ಮಾತ್ರ ಶಾಸನವಾಗುವುದರೊಳಗೆ ಕಳಚಿಬಿದ್ದಿತು. ಈ ವ್ಯಾಜ್ಯಗಳನ್ನು ಮುಸ್ಲಿಂ ನ್ಯಾಯಾಧೀಶನೇ ತೀರ್ಮಾನಿಸಬೇಕೆಂಬುದು ಉಲೇಮಾಗಳ ಪಾಲಿಗೆ ಮಸೂದೆಯ ಪ್ರಾಣವಾಗಿತ್ತು. ಅನ್ಯಧರ್ಮೀಯನು ಕೊಟ್ಟ ರದ್ದತಿಯು ಶಾಸ್ತ್ರದ ದೃಷ್ಟಿಯಲ್ಲಿ ಸಿಂಧುವಾಗದೆಂದು ಥಾನವಿಯವರು ತಮ್ಮ ಗ್ರಂಥದಲ್ಲಿ ಸ್ಪಷ್ಟವಾಗಿ ಹೇಳಿದ್ದರು. ಪರಿಶೀಲನಾ ಸಮಿತಿಯಲ್ಲಿ ಆ ವಿಧಿಯನ್ನು ಕೈಬಿಡಲಾಯಿತು. ಯಾರ ಪಾಂಡಿತ್ಯದಿಂದ ಶಾಸನವು ಹುಟ್ಟಿತೋ ಅವರಿಗೇ ಅದು ಸಮ್ಮತವಾಗದೆ ಹೋದುದು ವಿಧಿಯ ವಿಡಂಬನೆ. ಬಿಹಾರದಲ್ಲಿ 1921ರಿಂದಲೇ ನಡೆಯುತ್ತಿದ್ದ ಇಮಾರತ್ ಎ ಶರೀಅದಂಥ ಸಂಸ್ಥೆಗಳು ಮುಂದೆಯೂ ತಮ್ಮದೇ ಖಾಜಿಗಳನ್ನಿಟ್ಟುಕೊಂಡು ಫಸ್ಖ್ ಮಾಡುತ್ತ ಬಂದುವು. ಸರ್ಕಾರದ ಡಿಕ್ರಿಯನ್ನು ಕೈಯಲ್ಲಿ ಹಿಡಿದ ಸ್ತ್ರೀಯು ನೆರೆಹೊರೆಯ ಬಾಯಿಗೆ ಹೆದರಿ ದಾರುಲ್ ಖಜಾದ, ಎಂದರೆ ಅಂಥ ಖಾಜಿಯ ಪೀಠದ, ಪತ್ರಕ್ಕಾಗಿಯೂ ಅಲೆಯಬೇಕಾಗಿ ಬಂದುದು ಅಲ್ಲಿಂದೀಚೆಗೆ ಅಪೂರ್ವವಲ್ಲ.

ಕನ್ನಡ ನಾಡಿನ ಮಟ್ಟಿಗೆ, ಮದರಾಸು ಮುಂಬಯಿ ಪ್ರೆಸಿಡೆನ್ಸಿಗಳಿಗೆ ಸೇರಿದ್ದ ಮಂಗಳೂರು ಧಾರವಾಡಗಳಿಗೆ 1939ರ ಶಾಸನವು ಕೂಡಲೇ ಅನ್ವಯಿಸಿತು; ಬ್ರಿಟಿಷ್ ಇಂಡಿಯದ ಹೊರಗಿದ್ದ ಮೈಸೂರು ಸಂಸ್ಥಾನದ ಪ್ರದೇಶಕ್ಕೆ ಈ ಕೇಂದ್ರ ಶಾಸನವು ವ್ಯಾಪಿಸಿದುದು 1959ರಲ್ಲಿ ಮಾಡಿದ ವಿಸ್ತರಣಾ ಶಾಸನದ ಮೂಲಕ, 1960ರ ಫೆಬ್ರವರಿಯಿಂದ. 1939ರ ಶಾಸನದ ಅರ್ಥವನ್ನು ಹಿಗ್ಗಿಸಿದವರಲ್ಲಿ ಕೇರಳದ ನ್ಯಾಯಮೂರ್ತಿ ವಿ. ಆರ್. ಕೃಷ್ಣಯ್ಯರ್ ಅಗ್ರಗಣ್ಯರು, ಎರಡು ವರ್ಷ ಪೋಷಣೆ ದೊರೆಯದಿದ್ದರೆ, ತಪ್ಪು ಯಾರದೆಂಬ ಶೋಧನೆಗೆ ಹೋಗದೆ, ಹೆಂಡತಿಗೆ ಬಿಡುಗಡೆ ಕೊಡಬೇಕೆಂದು 1970ರ ದಶಕದ ಆರಂಭದಲ್ಲಿ ಅವರು ಬರೆದ ತೀರ್ಪು ಪ್ರಸಿದ್ಧವಾಗಿದೆ.

ಸಾಬಿತನ ತೋಟದ ಪ್ರಶ್ನೆಯಂತೂ ಇತ್ಯರ್ಥವಾಗದೆಯೇ ಉಳಿದಿತ್ತು. ವಿಭಜನೆಯ ಅನಂತರ ಅದನ್ನು ಮತ್ತೆ ಕೈಗೆತ್ತಿಕೊಂಡುದು, ಧರ್ಮತ್ಯಾಗದ ವ್ಯಾಜ್ಯಗಳನ್ನು ಕಂಡಿದ್ದ ಅದೇ ಲಾಹೋರಿನ ಹೈಕೋರ್ಟು. ದಂಪತಿಗಳು ದೇವರ ಮೇರೆಗಳನ್ನು ಪಾಲಿಸಲಾರರೆಂದು ನೀವು ಹೆದರಿದರೆ ಎಂಬ ಕುರಾನಿನ ಮಾತಿನಲ್ಲಿ 'ನೀವು' ಎಂದರೆ ನ್ಯಾಯಾಧೀಶರೆಂದು 1959ರಲ್ಲಿ ಅದು ಅರ್ಥಮಾಡಿ, ಗಂಡನ ಒಪ್ಪಿಗೆಯಿಲ್ಲದೆಯೂ ಖುಲಾ ವಿಧಿಸಬಹುದೆಂದಿತು. 1967ರಲ್ಲಿ ಪಾಕಿಸ್ತಾನದ ಸುಪ್ರೀಂ ಕೋರ್ಟು ಅದನ್ನು ಎತ್ತಿಹಿಡಿಯಿತು. ಈಜಿಪ್ಟು 2000ದಲ್ಲಿ ಶಾಸನ ಮಾಡಿ ಅದೇ ನೆಲೆಗೆ ಬಂದಿತು. ಭಾರತದಲ್ಲಿ ಕೇರಳದ ಹೈಕೋರ್ಟು ಬೇರೊಂದು ದಾರಿ ಹಿಡಿಯಿತು. ನ್ಯಾಯಸ್ಥಾನದ ಹೊರಗೆ ಮುಸ್ಲಿಂ ಸ್ತ್ರೀಗೆ ವಿವಾಹವನ್ನು ಮುಗಿಸುವ ಹಕ್ಕಿಲ್ಲವೆಂದು 1972ರಲ್ಲಿ ತಾನೇ ಹೇಳಿದ್ದುದನ್ನು 2021ರಲ್ಲಿ ತಳ್ಳಿಹಾಕಿ, ಸಂಧಾನಕ್ಕೆ ಯತ್ನಿಸಿ, ಮಹರನ್ನು ಹಿಂದಿರುಗಿಸಲು ಮುಂದಾಗಿ ಅವಳು ಉಚ್ಚರಿಸಿದ ಖುಲಾವು ಗಂಡನ ಒಪ್ಪಿಗೆಗೆ ಕಾಯುವುದಿಲ್ಲವೆಂದೂ, ನ್ಯಾಯಸ್ಥಾನದ ಕೆಲಸವು ಅದನ್ನು ದಾಖಲಿಸಿ ಸಾರುವುದಷ್ಟೇ ಎಂದೂ ತೀರ್ಮಾನಿಸಿತು. ಎರಡು ವರ್ಷಗಳ ತರುವಾಯ ಮದರಾಸಿನ ಹೈಕೋರ್ಟು, ಜಮಾತಿನ ಖಾಸಗಿ ಮಂಡಲಿಗಳು ಕೊಡುವ ಖುಲಾ ಪತ್ರಗಳಿಗೆ ಬೆಲೆಯಿಲ್ಲವೆಂದೂ ಸ್ತ್ರೀಯು ಕುಟುಂಬ ನ್ಯಾಯಾಲಯಕ್ಕೇ ಬರಬೇಕೆಂದೂ ಹೇಳಿತು. 2025ರಲ್ಲಿ ತೆಲಂಗಾಣದ ಹೈಕೋರ್ಟು ಖುಲಾಕ್ಕೆ ಗಂಡನ ಸಮ್ಮತಿಯ ಅಗತ್ಯವಿಲ್ಲವೆಂದು ಕೇರಳದ ಪಕ್ಷಕ್ಕೆ ಸಮೀಪವಾಗಿ ನುಡಿಯಿತು. ಆದಕಾರಣ ಇಂದು ಮಂಜೇಶ್ವರದ ಹೆಣ್ಣುಮಗಳೊಬ್ಬಳು ಉಚ್ಚರಿಸಿದ ಖುಲಾವನ್ನು ಕಾಸರಗೋಡಿನ ನ್ಯಾಯಸ್ಥಾನವು ದಾಖಲಿಸಲೇಬೇಕು. ತಲಪಾಡಿಯ ಗಡಿ ದಾಟಿ ಉಳ್ಳಾಲಕ್ಕೆ ಸೊಸೆಯಾಗಿ ಬಂದ ಅವಳ ತಂಗಿಯು ಮಂಗಳೂರಿನಲ್ಲಿ ಅದೇ ಮಾತನ್ನಾಡಿದರೆ, ಆ ತೀರ್ಪುಗಳನ್ನು ವಕೀಲನು ಓದಿ ಹೇಳಬಹುದು, ನ್ಯಾಯಾಧೀಶರು ಗೌರವದಿಂದ ಕೇಳಬಹುದು, ಆದರೆ ಅವುಗಳಿಗೆ ಬದ್ಧರಾಗಬೇಕಾಗಿಲ್ಲ.